ಪ್ರಭುಲಿಂಗಪ್ಪನ ಮೂಗು ಸಮುದ್ರ ನೋಡಿದ್ದು

ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಮೂಗಿಗೆ ಬಟ್ಟೆ ಕಟ್ಟಿಕೊಳ್ಳದೆ ಓಡಾಡುವವರು ಇಬ್ಬರೇ ಇದ್ದರು. ಒಬ್ಬರು ಪ್ರಭುಲಿಂಗಪ್ಪ. ಇನ್ನೊಂದು ಅವರ ನಾಯಿ ಡಬ್ಬಿ. ನಾಯಿಗೆ ಬಟ್ಟೆ ಕಟ್ಟುವವರು ಯಾರೂ ಇರಲಿಲ್ಲವಾದ್ದರಿಂದ ಅದರದೇನೂ ಹೆಚ್ಚುಗಾರಿಕೆಯಲ್ಲ. ಪ್ರಭುಲಿಂಗಪ್ಪನವರದು ಮಾತ್ರ ಅಪ್ಪಟ ಹೆಚ್ಚುಗಾರಿಕೆ. ಹಮಾಲರು, ರೈತರು, ದಲಾಲರು ಸೀನಿ ಸೀನಿ ಕಣ್ಣೀರು ಒರೆಸಿಕೊಳ್ಳುವಾಗ ಅವರು ಬೆಳ್ಳನೆಯ ಅಂಗಿ ತೊಟ್ಟು, ಹೆಗಲ ಮೇಲೊಂದು ಟವೆಲ್ ಹಾಕಿ, ಘಾಟು ತಮಗೆ ಸಂಬಂಧಿಸಿದ್ದೇ ಅಲ್ಲವೆಂಬಂತೆ ಚೀಲಗಳ ನಡುವೆ ನಡೆಯುತ್ತಿದ್ದರು. ಯಾರಾದರೂ ಕೇಳಿದರೆ, "ದುಡಿಯೋ ಎತ್ತಿನ ಕಣ್ಣಿಗೆ ಯಾರರ ಪಟ್ಟಿ ಕಟ್ತಾರೇನಪಾ?" ಎನ್ನುತ್ತಿದ್ದರು. ಎತ್ತು ಎಂದರೆ ಮೂಗು.

ಹೊರಊರಿನ ಮಸಾಲೆ ಕಂಪನಿಗಳ ಪರವಾಗಿ ಮಾಲು ನೋಡುವುದು ಅವರ ಕೆಲಸ. ನೋಡುವುದು ಎಂದು ಎಲ್ಲರೂ ಅನ್ನುತ್ತಾರೆ, ಪ್ರಭುಲಿಂಗಪ್ಪ ಮಾತ್ರ ಮೂಸುತ್ತಿದ್ದರು. ಹಮಾಲ ಮಲಂಗಸಾಬ ಚೀಲದ ಬಾಯಿ ಬಿಚ್ಚಿದೊಡನೆ ಒಂದು ಕಾಯಿ ಎತ್ತಿಕೊಂಡು, ನಡುವೆ ಸೀಳಿ, ಮೂಗಿನ ಕೆಳಗೆ ಹಿಡಿದು ಎರಡೂ ಕಣ್ಣು ಮುಚ್ಚುತ್ತಿದ್ದರು. ಸುತ್ತ ನಿಂತವರೆಲ್ಲ ಮಠದಲ್ಲಿ ಸ್ವಾಮಿಗಳು ಆಶೀರ್ವಚನಕ್ಕೆ ಬಾಯಿ ತೆರೆಯುವುದನ್ನು ಕಾಯುವವರ ಹಾಗೆ ಮೌನವಾಗುತ್ತಿದ್ದರು. ಆಮೇಲೆ ತೀರ್ಪು ಬರುತ್ತಿತ್ತು: "ಮಾಲ್ ಚಲೋ ಐತಿ, ಆದ್ರ ಚೀಲದ ತಳದಾಗ ಹಸಿ ಉಳದೈತಿ. ಹದಿನೈದು ದಿನಕ್ಕ ಬೂಷ್ಟು ಹಿಡೀತೈತಿ." ತಳ ಸುರಿದು ನೋಡಿದರೆ ಅವರು ಹೇಳಿದ್ದೇ ಖರೇ ಆಗಿರುತ್ತಿತ್ತು. ಮೂವತ್ತು ವರ್ಷ ಹೀಗೆ ಖರೇ ಆಗುತ್ತ ಬಂದರೆ ಯಾರಿಗಾದರೂ ಸ್ವಲ್ಪ ತಲೆ ತಿರುಗುತ್ತದೆ. ಪ್ರಭುಲಿಂಗಪ್ಪನವರಿಗೆ ಸ್ವಲ್ಪ ಹೆಚ್ಚೇ ತಿರುಗಿತ್ತು. ಮದುವೆ ಮನೆಗೆ ಹೋದರೆ ಸೀದಾ ಅಡುಗೆಯ ಪೆಂಡಾಲಿಗೆ ಹೋಗಿ ಬಾನಿಗಳ ಮೇಲೆ ಬಾಗುತ್ತಿದ್ದರು. ಅಡುಗೆಯವರು ಬೀಗರಿಗಿಂತ ಅವರಿಗೆ ಹೆಚ್ಚು ಹೆದರುತ್ತಿದ್ದರು.

ಆ ಮೂಗು ಕೊರೋನಾದ ಎರಡನೇ ವರ್ಷ ಹೋಯಿತು. ಹೋದದ್ದು ಯಾರಿಗೂ ಗೊತ್ತಾಗಲಿಲ್ಲ. ಎಂಟು ದಿನ ಜ್ವರ ಬಂದಿತ್ತು. ಜ್ವರ ಬಿಟ್ಟ ಮೇಲೆ ಮನೆಯವರೆಲ್ಲ ದೇವರಿಗೆ ಕಾಯಿ ಒಡೆದರು, ಪ್ರಭುಲಿಂಗಪ್ಪ ಊದಿನಕಡ್ಡಿಯ ಹೊಗೆಯಲ್ಲಿ ಮುಖವಿಟ್ಟು ನಿಂತರು. ಹೊಗೆಗೆ ಕಣ್ಣು ಉರಿಯಿತು, ವಾಸನೆ ಬರಲಿಲ್ಲ. ಹದಿನೈದು ದಿನ ಕಾದರು. ತಿಂಗಳು ಕಾದರು. ಕಡೆಗೆ ಹುಬ್ಬಳ್ಳಿಯಾಗ ಕಂಪನಿಯ ಮೀಟಿಂಗ್ ಐತಿ ಎಂದು ಮನೆಯಲ್ಲಿ ಹೇಳಿ ಒಬ್ಬ ಡಾಕ್ಟರರನ್ನು ಕಂಡು ಬಂದರು. ಮೂವತ್ತು ವರ್ಷದ ಮೆಣಸಿನಕಾಯಿ ಧೂಳು ಒಳಗೆ ಸುಟ್ಟದ್ದರ ಮೇಲೆ ಈ ಜ್ವರವೂ ಬಂದಿದೆ, ತಿರುಗಿ ಬಂದರೆ ನಿಮ್ಮ ಪುಣ್ಯ ಎಂದರಂತೆ ಅವರು. ಪುಣ್ಯ ಸಾಲಲಿಲ್ಲ. ಒಂದು ಸಲ ಹೆಂಡತಿ ನಾಗರತ್ನಾ ಹಾಲು ಸೀಯಿಸಿ ಅದರಲ್ಲೇ ಚಹಾ ಮಾಡಿ ಕೊಟ್ಟಾಗ, "ಇವತ್ತ ಚಹಾ ಭಾಳ ಚಲೋ ಆಗೇತಿ" ಎಂದು ಬಟ್ಟಲು ಖಾಲಿ ಮಾಡಿದರು. ಆಕೆ ಖಾಲಿ ಬಟ್ಟಲನ್ನು ಎತ್ತಿ ಒಮ್ಮೆ ಮೂಸಿ ನೋಡಿದರು.

ಮೂಗು ಹೋಯಿತೆಂದು ಮಾರುಕಟ್ಟೆಯಲ್ಲಿ ಹೇಳಿದರೆ ಪ್ರಭುಲಿಂಗಪ್ಪನವರಲ್ಲಿ ಉಳಿಯುವುದಾದರೂ ಏನು? ಅಂಗಿ, ಟವೆಲ್, ಇಷ್ಟೇ. ಆ ಹೆದರಿಕೆಯಲ್ಲೇ ಅವರ ಕಣ್ಣು ನಾಯಿಯ ಮೇಲೆ ಬಿತ್ತು.

ಡಬ್ಬಿ ಮಾರುಕಟ್ಟೆ ಅಂಗಳದ ಚೀಲಗಳ ಸಂದಿಯಲ್ಲೇ ಕಣ್ಣು ಬಿಟ್ಟ ನಾಯಿ. ಕೆಂಪು ಬಣ್ಣ, ಕುಳ್ಳ, ದುಂಡಗಿನ ಮೈ. ಗುಂಡಗೆ ದಪ್ಪಗಿರುವ ಡಬ್ಬಿ ಮೆಣಸಿನಕಾಯಿಯ ಹಾಗೆಯೇ ಇದೆಯೆಂದು ಮಲಂಗಸಾಬನೇ ಆ ಹೆಸರಿಟ್ಟಿದ್ದ. ಆ ಘಾಟಿನಲ್ಲೇ ಹುಟ್ಟಿ ಬೆಳೆದದ್ದರಿಂದ ಮೆಣಸಿನಕಾಯಿ ಅದಕ್ಕೆ ಗಾಳಿಯಿದ್ದಂತೆ. ಆದರೆ ಒಳಗೆ ಬೂಷ್ಟು ಹಿಡಿದ ಚೀಲವಿದ್ದರೆ ಮೂತಿ ಹತ್ತಿರ ತಂದು, ಒಂದು ಸಲ ಮೂಸಿ, ಚೀಲಕ್ಕೆ ಬೆನ್ನು ತಿರುವಿ ಕೂರುತ್ತಿತ್ತು. ಒಳ್ಳೆಯ ಮಾಲಾದರೆ ಅದರ ಪಕ್ಕದಲ್ಲೇ ಅಡ್ಡಾಗುತ್ತಿತ್ತು. ಪ್ರಭುಲಿಂಗಪ್ಪ ಇದನ್ನು ಒಂದು ತಿಂಗಳು ಪರೀಕ್ಷೆ ಮಾಡಿದರು. ನಾಯಿ ಒಂದು ಸಲವೂ ತಪ್ಪಲಿಲ್ಲ. ಅಂದಿನಿಂದ ಅವರ ಪದ್ಧತಿಯಲ್ಲಿ ಒಂದೇ ಒಂದು ಬದಲಾವಣೆಯಾಯಿತು. ಕಾಯಿ ಸೀಳಿ ಮೂಗಿಗೆ ಹಿಡಿದಾಗ ಎಡಗಣ್ಣು ಪೂರ್ತಿ ಮುಚ್ಚುತ್ತಿತ್ತು, ಬಲಗಣ್ಣು ಅರ್ಧ ತೆರೆದು ಕೆಳಗೆ ನೋಡುತ್ತಿತ್ತು. ಜನ ಇದನ್ನು ಇನ್ನೂ ಆಳವಾದ ಏಕಾಗ್ರತೆ ಎಂದು ತಿಳಿದರು.

ಹೀಗೆ ನಾಲ್ಕು ವರ್ಷ ನಡೆಯಿತು. ಈ ವರ್ಷ ದೀಪಾವಳಿ ಮುಗಿದು ಹೊಸ ಮಾಲು ಇನ್ನೂ ಬಾರದಿದ್ದಾಗ, ರಾಣೆಬೆನ್ನೂರಿನ ಬೀಜದ ಕಂಪನಿಯಲ್ಲಿ ಕೆಲಸ ಮಾಡುವ ಮಗಳು ಮೇಘಾ ಕಾರು ತಂದು ಮನೆ ಮುಂದೆ ನಿಲ್ಲಿಸಿದಳು. ಅಪ್ಪನ ಕೆಮ್ಮು ಹೆಚ್ಚಾಗಿದೆ, ನಾಲ್ಕು ದಿನ ಸಮುದ್ರದ ಗಾಳಿ ಕುಡಿಸಿಕೊಂಡು ಬರುತ್ತೇನೆ ಎಂದಳು.

"ನಾಯಿ ಬಂದ್ರ ನಾ ಬರ್ತೇನಿ" ಎಂದರು ಪ್ರಭುಲಿಂಗಪ್ಪ.

"ಅಪ್ಪಾ, ಲಾಡ್ಜಿನಾಗ ನಾಯಿ ಬಿಡಂಗಿಲ್ಲ."

"ಹಂಗಾರ ನನ್ನೂ ಬಿಡಬ್ಯಾಡ ಅನ್ನು."

ಮೇಘಾ ಹನ್ನೊಂದು ಕಡೆ ಫೋನ್ ಮಾಡಿದಳು. ಕಡೆಗೆ ಕುಮಟಾದ ಆಚೆ, ಸಮುದ್ರಕ್ಕೆ ಅಂಟಿದ ಒಂದು ಹಳ್ಳಿಯಲ್ಲಿ ಬಾಡಿಗೆ ಮನೆಯೊಂದು ಸಿಕ್ಕಿತು. ಅಡುಗೆ ತಾವೇ ಮಾಡಿಕೊಳ್ಳಬೇಕು. ಮನೆಯ ಮಾಲೀಕರು ಮುಂಬೈಯಲ್ಲಿ, ಕೀಲಿ ಪಕ್ಕದ ಮನೆಯ ಆಯಿಶಾ ಎಂಬವರ ಬಳಿ. ಆಯಿಶಾ ಫೋನಿನಲ್ಲಿ, "ನಾಯಿ ಬಂದ್ರೆ ಬರ್ಲಿ. ಮಲಗೋ ಕೋಣೆಗೆ ಮಾತ್ರ ಬಿಡ್ಬೇಡಿ" ಎಂದರಂತೆ.

ನಾಯಿಯ ಪ್ರಶ್ನೆ ಮುಗಿದ ಮೇಲೆ ಒಲೆಯ ಪ್ರಶ್ನೆ ಎದ್ದಿತು. ಮಂಡಕ್ಕಿ, ಖಡಕ್ ರೊಟ್ಟಿಯ ಕಟ್ಟು, ಶೇಂಗಾ ಚಟ್ನಿ, ಅಗಸಿ ಹಿಂಡಿ, ಜೋಳದ ಹಿಟ್ಟು, ಒಂದು ಬುಟ್ಟಿ ಬದನೆಕಾಯಿ ಎಲ್ಲ ಡಿಕ್ಕಿಗೆ ಹೋದ ಮೇಲೆ ಪ್ರಭುಲಿಂಗಪ್ಪ ಮನೆಯ ಗ್ಯಾಸ್ ಒಲೆಯನ್ನೂ ಸಣ್ಣ ಸಿಲಿಂಡರನ್ನೂ ಎತ್ತಿಕೊಂಡು ಬಂದರು.

"ಇದ್ಯಾಕಪ್ಪಾ? ಅಲ್ಲಿ ಒಲಿ, ಸಿಲಿಂಡರು, ಕುಕ್ಕರು ಎಲ್ಲಾ ಅದಾವು" ಎಂದಳು ಮೇಘಾ.

"ಆ ಒಲಿ ಮ್ಯಾಲ ಏನೇನ ಬೇಯಿಸ್ಯಾರೋ! ಮೀನ ಕುದಿಸಿದ ಒಲಿ ಮ್ಯಾಲ ನನ್ನ ರೊಟ್ಟಿ ಬ್ಯಾಡ."

"ತೊಳದಿರ್ತಾರ ತಗೋ."

"ಹತ್ತ ನೀರಿನಾಗ ತೊಳೀಲಿ. ನಿಮಗ ಗೊತ್ತಾಗಲಿಕ್ಕಿಲ್ಲ, ಈ ಮೂಗಿಗೆ ಗೊತ್ತಾಗತೈತಿ" ಎಂದು ಮೂಗಿನ ತುದಿಯನ್ನು ಬೆರಳಿನಿಂದ ತಟ್ಟಿಕೊಂಡರು. ನಾಗರತ್ನಾ ಬದನೆಕಾಯಿಯ ಬುಟ್ಟಿಯನ್ನು ಆಚೆ ಸರಿಸಿ ಸಿಲಿಂಡರಿಗೆ ಜಾಗ ಮಾಡಿದರು.

ಹೊರಡುವಾಗ ಮಲಂಗಸಾಬ ಬಂದಿದ್ದ. "ಸಾವ್ಕಾರ್ರ, ನಾಯಿನ್ನ ನನ್ನ ಹಂತೇಕ ಬಿಟ್ಟ ಹೋಗ್ರಿ. ಅದಕ್ಕ್ಯಾಕ ಸಮುದ್ರ?"

"ಅದು ನನ್ನ ಬಿಟ್ಟ ಉಣ್ಣಂಗಿಲ್ಲಪಾ."

"ನೀವು ಅದನ್ನ ಬಿಟ್ಟ ಉಣ್ಣಂಗಿಲ್ಲ ಅನ್ರಿ" ಎಂದು ಮಲಂಗಸಾಬ ನಕ್ಕ. ಪ್ರಭುಲಿಂಗಪ್ಪ ನಗಲಿಲ್ಲ. ನಾಲ್ಕು ದಿನ ಆ ನಾಯಿಯನ್ನು ಇಟ್ಟುಕೊಂಡವನಿಗೆ ಅದರ ವಿದ್ಯೆ ಗೊತ್ತಾಗಲು ಎಷ್ಟು ಹೊತ್ತು? ಅವರು ಕಾರಿನ ಬಾಗಿಲು ತೆರೆದು ಡಬ್ಬಿಯನ್ನು ತಮ್ಮ ಪಕ್ಕದಲ್ಲೇ ಕೂರಿಸಿಕೊಂಡರು.

ನಸುಕಿನಲ್ಲಿ ಹೊರಟು ಹಾವೇರಿ, ಶಿರಸಿ ದಾಟಿ ಘಟ್ಟ ಇಳಿದರು. ಒಂದೊಂದು ತಿರುವಿಗೂ ಡಿಕ್ಕಿಯಲ್ಲಿ ಸಿಲಿಂಡರು ಒಲೆಗೆ, ಒಲೆ ಸಿಲಿಂಡರಿಗೆ ಗುದ್ದುತ್ತಿದ್ದವು. ಆ ಸದ್ದಿಗೆ ಡಬ್ಬಿ ಕಿವಿ ನಿಮಿರಿಸುತ್ತಿತ್ತು. "ಮುಂದ ನೋಡಿ ಗಾಡಿ ಹೊಡಿ" ಎಂದು ಪ್ರಭುಲಿಂಗಪ್ಪ ಮಗಳಿಗೆ ಹೇಳುತ್ತಿದ್ದರು. ಗಾಡಿ ಹೊಡೆಯಲು ಅವರಿಗೆ ಬರುತ್ತಿರಲಿಲ್ಲ.

ಹನ್ನೊಂದಕ್ಕೆ ಮುಟ್ಟಿದರು. ಸಾಮಾನು ಇಳಿಸುವ ಮೊದಲೇ ಡಬ್ಬಿ ಮರಳಿನ ಮೇಲೆ ಓಡಿತು. ಅಲೆ ಕಂಡು ಬೊಗಳಿತು, ಹಿಂದೆ ಸರಿಯಿತು, ಮತ್ತೆ ಬೊಗಳಿತು. ಆಮೇಲೆ ಸುಮ್ಮನಾಗಿ ಮೂತಿ ಮೇಲೆತ್ತಿ ನಿಂತಿತು. ಹುಟ್ಟಿದಾಗಿನಿಂದ ಮೆಣಸಿನಕಾಯಿಯ ಘಾಟಿಲ್ಲದ ಗಾಳಿ ಅದರ ಮೂಗಿಗೆ ತಾಗಿದ್ದು ಅದೇ ಮೊದಲು. ಮೂಗಿನ ಹೊಳ್ಳೆಗಳು ಅರಳುತ್ತಿದ್ದವು, ಮುಚ್ಚುತ್ತಿದ್ದವು. ಪ್ರಭುಲಿಂಗಪ್ಪ ಚಪ್ಪಲಿ ಕೈಯಲ್ಲಿ ಹಿಡಿದು ಅದರ ಪಕ್ಕದಲ್ಲಿ ಕುಂತರು. ಅವರಿಗೆ ಉಪ್ಪು ಬರಲಿಲ್ಲ, ಮೀನು ಬರಲಿಲ್ಲ, ಏನೂ ಬರಲಿಲ್ಲ. ಗಾಳಿ ಬಂತು ಅಷ್ಟೇ.

"ಹೆಂಗೈತೋ?" ಎಂದು ನಾಯಿಯನ್ನು ಕೇಳಿದರು. "ನನಗೂ ಹೇಳೋ ಒಂದೀಟು."

ಡಬ್ಬಿ ಅವರ ಕಡೆ ನೋಡದೆ ಮೂಸುತ್ತಲೇ ಇತ್ತು.

ಬಾಡಿಗೆ ಮನೆ ಸಣ್ಣದು. ಮುಂದೊಂದು ಪಡಸಾಲೆ, ಮಲಗುವ ಕೋಣೆ, ಹಿಂದುಗಡೆ ಹತ್ತು ಹೆಜ್ಜೆಯ ಅಡುಗೆಮನೆ. ಅಡುಗೆಮನೆಯ ಕಿಟಕಿಯ ಆಚೆ ಪಕ್ಕದವರ ಅಂಗಳದಲ್ಲಿ ಚಾಪೆ ಹಾಸಿ ಮೀನು ಒಣಗಿಸಿದ್ದರು. ಅದನ್ನು ಪ್ರಭುಲಿಂಗಪ್ಪ ಕಣ್ಣಿನಿಂದ ಕಂಡು, ಮೂಗಿನಿಂದ ಕಂಡವರಂತೆ ಮುಖ ಹಿಂಡಿದರು. "ಎಲ್ಲಾ ಕಿಟಕಿ ಹಾಕ್ರಿ. ಹಿತ್ತಲ ಬಾಗಲಾನೂ ಹಾಕ್ರಿ" ಎಂದು ಅಪ್ಪಣೆ ಮಾಡಿದರು. ಹಾಕಿದರು. ಆ ಮನೆಯ ಒಲೆಯನ್ನು ಮೂಲೆಗೆ ತಳ್ಳಿ ತಾವು ತಂದ ಒಲೆ ಇಟ್ಟು ನಾಗರತ್ನಾ ಬದನೆಕಾಯಿ ಎಣ್ಣೆಗಾಯಿ, ಅನ್ನ ಮಾಡಿದರು. ಊಟವಾದ ಮೇಲೆ ಕಟ್ಟೆ ಒರೆಸಲೆಂದು ಒಲೆಯನ್ನು ಮುಂದಕ್ಕೆ ಎಳೆದು, ಒರೆಸಿ, ಮತ್ತೆ ಹಿಂದೆ ತಳ್ಳಿದರು. ಒಲೆಯ ಕಿವಿ ತಿರುವಿ ಆರಿಸಿದ್ದರು. ತಾಸಿನಲ್ಲಿ ಚಹಾ ಇಡಬೇಕಲ್ಲ ಎಂದು ಸಿಲಿಂಡರಿನ ಗುಂಡಿ ತಿರುವಲಿಲ್ಲ. ಘಟ್ಟದ ತಿರುವುಗಳಲ್ಲಿ ಸಡಿಲಾಗಿದ್ದ ಪೈಪು ಒಲೆ ಎಳೆದಾಗ ಇನ್ನಷ್ಟು ಜಾರಿತ್ತು.

ನಾಯಿ ಮೈತುಂಬ ಮರಳು ಮಾಡಿಕೊಂಡು ಬಂದಿತ್ತು. ಕೋಣೆಗೆ ಬಿಡುವ ಹಾಗಿಲ್ಲ, ಹೊರಗೆ ಬಿಟ್ಟರೆ ಮೀನಿನ ಚಾಪೆಗೆ ಹೋಗುತ್ತದೆ ಎಂದು ಪ್ರಭುಲಿಂಗಪ್ಪ ಅದನ್ನು ಅಡುಗೆಮನೆಗೆ ಕರೆದೊಯ್ದರು. ಡಬ್ಬಿ ಒಳಗೆ ಹೋಗಿ ಒಮ್ಮೆ ಮೂಸಿತು. ಒಲೆಯ ಕಟ್ಟೆಗೆ ಬೆನ್ನು ತಿರುವಿ ಬಾಗಿಲ ಕಡೆ ಮುಖ ಮಾಡಿ ಕುಂತಿತು.

ಪ್ರಭುಲಿಂಗಪ್ಪ ಅದನ್ನು ನೋಡಿದರು. ನಾಲ್ಕು ವರ್ಷ ಅವರು ಅನ್ನ ತಿಂದದ್ದು ಆ ಬೆನ್ನನ್ನು ನೋಡಿಯೇ. "ನಿನಗೂ ಮೀನಿನ ವಾಸನಿ ಸೇರವಲ್ದೇನೋ? ಖರೇ ಬ್ಯಾಡಗಿ ನಾಯಿ!" ಎಂದು ನಕ್ಕು ಬಾಗಿಲು ಎಳೆದುಕೊಂಡರು.

ಪಡಸಾಲೆಯಲ್ಲಿ ಮೂವರೂ ಚಾಪೆ ಹಾಸಿ ಅಡ್ಡಾದರು. ಸ್ವಲ್ಪ ಹೊತ್ತಿಗೆ ಮೇಘಾ ತಲೆ ಎತ್ತಿದಳು.

"ಅಪ್ಪಾ, ಏನೋ ನಾರಾಕತ್ತೈತಿ ನೋಡು."

ನಾಗರತ್ನಾ ಎದ್ದು ಕುಂತರು. "ಹೌದ್ರಿ. ನನಗೂ ಬರಾಕತ್ತೈತಿ."

ಪ್ರಭುಲಿಂಗಪ್ಪ ಮಲಗಿದಲ್ಲಿಂದಲೇ ಒಂದು ದೀರ್ಘ ಉಸಿರು ಎಳೆದು, ಕಣ್ಣು ಮುಚ್ಚಿ, ಮಾರುಕಟ್ಟೆಯಲ್ಲಿ ತಡೆಯುವಷ್ಟೇ ಹೊತ್ತು ತಡೆದು, ತೀರ್ಪು ಕೊಟ್ಟರು: "ಒಣಮೀನು. ಬಿಸಲಿಗೆ ವಾಸನಿ ಏರತೈತಿ. ಆ ಬಾಗಲ ಸಂದಿಯಿಂದ ಬರಾಕತ್ತೈತಿ."

ಮೇಘಾ ಮತ್ತೆ ಮಲಗಿದಳು. ನಾಗರತ್ನಾ ಗಂಡನ ಮುಖವನ್ನೇ ನೋಡುತ್ತ ಒಂದು ಗಳಿಗೆ ಕುಂತಿದ್ದರು. ಬಾಯಿ ತೆರೆದರು. ಮಗಳ ಕಡೆ ನೋಡಿದರು. ಮುಚ್ಚಿಕೊಂಡರು. ಪ್ರಭುಲಿಂಗಪ್ಪ ಎದ್ದು ಹೋಗಿ, ಹೆಗಲ ಟವೆಲನ್ನು ಸುರುಳಿ ಸುತ್ತಿ, ಅಡುಗೆಮನೆಯ ಬಾಗಿಲ ಕೆಳಗಿನ ಸಂದಿಗೆ ಬೆರಳಿನಿಂದ ಒತ್ತಿ ಒತ್ತಿ ತುರುಕಿದರು. ಒಳಗೆ ಡಬ್ಬಿ ಕುಂಯ್‌ಗುಟ್ಟಿ ಬಾಗಿಲು ಕೆರೆಯಿತು. "ಸುಮ್ಮ ಮಲಕೋ!" ಎಂದು ಗದರಿಸಿ ಬಂದರು. ಇನ್ನೂ ನಾಲ್ಕೈದು ಸಲ ಕೆರೆದ ಸದ್ದು ಕೇಳಿತು. ಆಮೇಲೆ ಸುಮ್ಮನಾಯಿತು. ಹೇಳಿದ ಮಾತು ಕೇಳುವ ನಾಯಿ ಎಂದು ಅವರಿಗೆ ಮೊದಲಿನಿಂದಲೂ ಹೆಮ್ಮೆ.

ಮೂರೂವರೆಗೆ ಮೀನು ತಿರುವಿ ಹಾಕಲು ಹಿತ್ತಲಿಗೆ ಬಂದ ಆಯಿಶಾ, ಮುಂಬಾಗಿಲಿಗೆ ಓಡಿಬಂದು ಬಡಿದರು. "ಗ್ಯಾಸ್! ನಿಮ್ಮ ಅಡುಗೆಮನೆಯಿಂದ ಗ್ಯಾಸ್ ವಾಸನೆ ಬರ್ತಾ ಉಂಟು! ಲೈಟು ಹಾಕ್ಬೇಡಿ! ಯಾರೂ ಲೈಟು ಹಾಕ್ಬೇಡಿ!"

ಬಾಗಿಲು ತೆರೆದ ಮೇಘಾಳನ್ನು ಸರಿಸಿ ಒಳಗೆ ನುಗ್ಗಿ, ಕಾಲಿನಿಂದಲೇ ಟವೆಲನ್ನು ಎಳೆದು, ಅಡುಗೆಮನೆಯ ಬಾಗಿಲು ತಳ್ಳಿದರು. ಬಾಗಿಲು ಪೂರ್ತಿ ತೆರೆಯಲಿಲ್ಲ, ಏನೋ ಅಡ್ಡವಿತ್ತು. ಸೆರಗಿನಿಂದ ಮೂಗು ಮುಚ್ಚಿಕೊಂಡು ಸಂದಿಯಲ್ಲೇ ತೂರಿ ಸಿಲಿಂಡರಿನ ಗುಂಡಿ ತಿರುವಿದರು, ಕಿಟಕಿ, ಹಿತ್ತಲ ಬಾಗಿಲು ತೆರೆದರು. ಮೇಘಾ ಅಡ್ಡವಾಗಿದ್ದನ್ನು ಎರಡು ಕೈಯಿಂದ ಎತ್ತಿಕೊಂಡು ಹೊರಗೆ ಓಡಿದಳು.

ಆ ಗ್ಯಾಸು ಭಾರ. ಮೇಲೆ ಹೋಗದೆ ನೆಲಕ್ಕೆ ಇಳಿದು ನೀರಿನಂತೆ ನಿಲ್ಲುತ್ತದೆ. ಅಡುಗೆಮನೆಯ ನೆಲದಲ್ಲಿ ಇದ್ದದ್ದು ಡಬ್ಬಿ ಒಂದೇ. ಅದು ಬಾಗಿಲ ಕೆಳಗಿನ ಸಂದಿಗೆ ಮೂಗು ಇಟ್ಟುಕೊಂಡಿತ್ತು. ಸಂದಿಯಲ್ಲಿ ಟವೆಲ್ ಇತ್ತು.

ಜಗಲಿಯ ಮೇಲೆ ಮೇಘಾ ನಾಯಿಯ ಎದೆ ಒತ್ತುತ್ತಿದ್ದಳು, ಮೂತಿಗೆ ಬಾಯಿ ಇಟ್ಟು ಊದುತ್ತಿದ್ದಳು. ಪ್ರಭುಲಿಂಗಪ್ಪ ಬರಿಗಾಲಲ್ಲಿ ಅಂಗಳದಲ್ಲಿ ನಿಂತು, "ಗ್ಯಾಸ್ ಎಲ್ಲೈತಿ? ಅದು ಮೀನಿಂದಲ್ಲಾ?" ಎನ್ನುತ್ತಿದ್ದರು.

ಆಯಿಶಾ ಅವರನ್ನು ದಿಟ್ಟಿಸಿ ನೋಡಿದರು. ಮನೆಯ ಒಳಗಿನಿಂದ ಇನ್ನೂ ವಾಸನೆ ಗಪ್ಪೆಂದು ಬರುತ್ತಿತ್ತು. "ನಿಮಗೆ ಈಗ್ಲೂ ವಾಸನೆ ಬರ್ತಾ ಇಲ್ವಾ?"

ಇಷ್ಟು ವರ್ಷ ಬ್ಯಾಡಗಿಯಲ್ಲಿ ಯಾರೂ ಕೇಳದ ಪ್ರಶ್ನೆ. ನಾಲ್ಕು ತಾಸಿನ ಪರಿಚಯದ ಹೆಂಗಸು ಕೇಳಿದರು. ಮೇಘಾ ನಾಯಿಯ ಎದೆ ಒತ್ತುವುದನ್ನು ಬಿಟ್ಟು ಅಪ್ಪನ ಕಡೆ ತಿರುಗಿದಳು. ಪ್ರಭುಲಿಂಗಪ್ಪ ನಾಯಿಯ ಕಡೆ ನೋಡಿದರು. ನಾಯಿ ಏಳಲಿಲ್ಲ.

ಮರಳಿನಲ್ಲಿ ಹೂಳಿದರೆ ನೀರು ಮೇಲೆ ತರುತ್ತದೆ ಎಂದು ಆಯಿಶಾ ಗಾಳಿಮರದ ಸಾಲಿನ ಹಿಂದೆ ಜಾಗ ತೋರಿಸಿ ಗುದ್ದಲಿ ಕೊಟ್ಟರು. ಪ್ರಭುಲಿಂಗಪ್ಪ ಯಾರಿಗೂ ಮುಟ್ಟಗೊಡದೆ ತಾವೇ ತೋಡಿದರು. ತೋಡುವ ರೂಢಿ ಇರಲಿಲ್ಲ. ಗುಂಡಿ ಸೊಟ್ಟಾಯಿತು. ಡಬ್ಬಿಯನ್ನು ಟವೆಲಿನಲ್ಲಿ ಸುತ್ತಲು ಹೋಗಿ, ಯಾವ ಟವೆಲೆಂದು ನೆನಪಾಗಿ, ಅದನ್ನು ಆಚೆ ಎಸೆದು ತಮ್ಮ ಅಂಗಿ ಬಿಚ್ಚಿ ಸುತ್ತಿದರು. ಬನಿಯನ್ನಿನಲ್ಲಿ ಮಣ್ಣು ಎಳೆಯುವಾಗ ನಾಗರತ್ನಾ ಪಕ್ಕದಲ್ಲಿ ಬಂದು ಕುಂತರು.

"ನಿಮ್ಮ ಮೂಗು ಹೋಗೇತಿ ಅಂತ ನನಗ ಗೊತ್ತಿತ್ರಿ" ಎಂದರು.

ಪ್ರಭುಲಿಂಗಪ್ಪ ಮಣ್ಣು ಎಳೆಯುತ್ತಲೇ ಇದ್ದರು. "ಎಂದಿನಿಂದ?"

"ಹಾಲ ಸೀದದ್ದನ್ನ ಚಲೋ ಆಗೇತಿ ಅಂದ್ರಲ್ಲ, ಅಂದಿನಿಂದ. ಆಮ್ಯಾಲೆ ಎರಡ ಸಲ ಬೇಕಂತ ಸೀಯಿಸಿ ಕೊಟ್ಟೆ. ಎರಡೂ ಸಲ ಕುಡದ್ರಿ."

"ಮತ್ತ ಮಧ್ಯಾಹ್ನ ಯಾಕ ಹೇಳಲಿಲ್ಲ?"

"ಮಗಳ ಮುಂದ ಹೆಂಗ ಹೇಳ್ಲಿ? ಒಣಮೀನು ಹೆಂಗ ನಾರತೈತಿ ಅಂತ ನಾ ಎಂದರ ಮೂಸೀನೇನು? ನೀವು ಅಷ್ಟ ಖಾತ್ರಿಲೆ ಹೇಳಿದ್ರಿ. ಇರಲಿಕ್ಕೂ ಸಾಕು ಅನ್ಕೊಂಡೆ." ಆಕೆ ಸೆರಗಿನಿಂದ ಮುಖ ಮುಚ್ಚಿಕೊಂಡರು. "ಎದ್ದ ಹೋಗಿ ನೋಡಬೇಕಿತ್ತು. ನಾಕ ಹೆಜ್ಜಿ. ನಾಕ ಹೆಜ್ಜಿ ಇಡಲಿಲ್ಲ ನಾ."

ನಾಲ್ಕು ದಿನಕ್ಕೆಂದು ಹೋದವರು ಮರುದಿನ ಬೆಳಿಗ್ಗೆ ಹೊರಟರು. ಬುಟ್ಟಿಯ ತುಂಬ ಬದನೆಕಾಯಿ ಹಾಗೆಯೇ ಇತ್ತು. ಅದನ್ನು ಆಯಿಶಾಗೆ ಕೊಟ್ಟರು. ಸಿಲಿಂಡರನ್ನೂ ಒಲೆಯನ್ನೂ ಮೇಘಾ ಬೇರೆ ಬೇರೆ ಹಗ್ಗದಲ್ಲಿ ಬಿಗಿದು ಕಟ್ಟಿದಳು. ಘಟ್ಟ ಹತ್ತುವಾಗ ಡಿಕ್ಕಿಯಲ್ಲಿ ಯಾವ ಸದ್ದೂ ಇರಲಿಲ್ಲ.

ಡಿಸೆಂಬರಿನಲ್ಲಿ ಹೊಸ ಮಾಲು ಬಂತು. ಮೊದಲ ಸೋಮವಾರ ಮಾರುಕಟ್ಟೆಯ ಅಂಗಳ ಕೆಂಪಾಗಿತ್ತು. ಮಲಂಗಸಾಬ ಚೀಲದ ಬಾಯಿ ಬಿಚ್ಚಿದ. ನಾಯಿ ಎಲ್ಲಿ ಎಂದು ಅವರು ಊರಿಗೆ ಮರಳಿದ ದಿನವೇ ಅವನು ಕೇಳಿದ್ದ, ಸತ್ತಿತು ಎಂಬಷ್ಟೇ ಉತ್ತರ ಸಿಕ್ಕಿತ್ತು. ಪ್ರಭುಲಿಂಗಪ್ಪ ಒಂದು ಕಾಯಿ ಎತ್ತಿ, ಸೀಳಿ, ಮೂಗಿನ ಕೆಳಗೆ ಹಿಡಿದರು. ಎಡಗಣ್ಣು ಮುಚ್ಚಿತು. ಬಲಗಣ್ಣು ರೂಢಿಯಂತೆ ಅರ್ಧ ತೆರೆದು ಕೆಳಗೆ ನೋಡಿತು. ಅಲ್ಲಿ ನೆಲ ಇತ್ತು, ಉದುರಿದ ನಾಲ್ಕು ಬೀಜ ಇದ್ದವು.

ಸುತ್ತ ಎಂಟು ಹತ್ತು ಮಂದಿ ಕಾಯುತ್ತಿದ್ದರು. ಪ್ರಭುಲಿಂಗಪ್ಪ ಎರಡೂ ಕಣ್ಣು ತೆರೆದರು.

"ನನಗ ವಾಸನಿ ಬರಂಗಿಲ್ಲ" ಎಂದರು. "ನಾಕ ವರ್ಷ ಆತು."

ದಲಾಲ ವಿಜಯಮಹಾಂತೇಶ ತೊಡೆ ತಟ್ಟಿ ನಕ್ಕ. "ನೋಡ್ರಪಾ, ರೇಟ್ ಇಳಿಸಾಕ ಸಾವ್ಕಾರ್ರು ಹೊಸ ಆಟ ಹೂಡ್ಯಾರ! ಮೂಗ ಇಲ್ಲಂತ, ಮೂಗ!" ಎಲ್ಲರೂ ನಕ್ಕರು. ಮಾಲಿನ ಒಡೆಯನೂ ನಕ್ಕ, ಸ್ವಲ್ಪ ಹೆದರಿಕೊಂಡೇ ನಕ್ಕ. ಪ್ರಭುಲಿಂಗಪ್ಪ ಇನ್ನೊಂದು ಸಲ, "ಖರೇನ ಹೇಳಾಕತ್ತೇನಿ" ಎಂದರು. ಜನ ಇನ್ನೂ ಜೋರಾಗಿ ನಕ್ಕರು. ಇಷ್ಟು ವರ್ಷ ಅವರು ಕಟ್ಟಿದ ಹೆಸರು ಎಷ್ಟು ಗಟ್ಟಿಯಾಗಿತ್ತೆಂದರೆ ಅವರೇ ಕೆಡವಲು ನಿಂತರೂ ಬೀಳಲಿಲ್ಲ.

ಮಲಂಗಸಾಬ ಒಬ್ಬನೇ ನಗಲಿಲ್ಲ. ಜನ ಮುಂದಿನ ರಾಶಿಗೆ ಸರಿದ ಮೇಲೆ ಅವನು ಮುಖದ ಬಟ್ಟೆ ಇಳಿಸಿ ಹತ್ತಿರ ಬಂದ.

"ನನಗ ಗೊತ್ತಿತ್ರಿ ಸಾವ್ಕಾರ್ರ. ನೀವು ನಾಯಿ ನೋಡ್ತಿದ್ರಿ, ನಾ ನಿಮ್ಮನ್ನ ನೋಡ್ತಿದ್ದೆ."

"ಹೇಳಬೇಕಿತ್ತಲ್ಲೋ."

"ಯಾರು ಹೇಳಬೇಕಿತ್ರಿ? ನಾನೋ, ನೀವೋ?"

ಪ್ರಭುಲಿಂಗಪ್ಪ ಅಂಗಿಯ ತೋಳು ಮಡಚಿ, "ಹಿಡಿ" ಎಂದು ಚೀಲದ ಒಂದು ತುದಿಗೆ ಕೈ ಹಾಕಿದರು. ಇಬ್ಬರೂ ಸೇರಿ ಚೀಲವನ್ನು ಬೋರಲು ಹಾಕಿ ತಳದ ಮಾಲೆಲ್ಲ ನೆಲಕ್ಕೆ ಸುರಿದರು. ಘಾಟು ಎದ್ದಿತು. ಮಲಂಗಸಾಬ ಸೀನಿದ. ಪ್ರಭುಲಿಂಗಪ್ಪ ರಾಶಿಯ ಮುಂದೆ ಕುಕ್ಕರಗಾಲಲ್ಲಿ ಕುಂತು, ಒಂದೊಂದೇ ಕಾಯಿ ಸೀಳಿ, ಕಣ್ಣಿಗೆ ಹತ್ತಿರ ಹಿಡಿದು, ಒಳಗೆ ಬೂಷ್ಟು ಹಿಡಿದು ಬೆಳ್ಳಗಾಗಿದೆಯೇ ಎಂದು ನೋಡತೊಡಗಿದರು.